ಶ್ರವಣ ಸಾಧನದ ಶಿಳ್ಳೆಗೆ ಮಾತು ಬಲಿಯಾಗದಿರಲಿ

ಶ್ರವಣ ಸಾಧನ ಧರಿಸಿದವರು ನಮ್ಮ ಮುಂದಿಡುವ ದೂರುಗಳಲ್ಲಿ ಎರಡು ಬಹಳ ಸಾಮಾನ್ಯ. ಸಾಧನ ಆಗಾಗ ಶಿಳ್ಳೆ ಹೊಡೆಯುತ್ತದೆ ಎಂಬುದು ಒಂದು. ಸದ್ದೇನೋ ಕೇಳುತ್ತದೆ, ಆದರೆ ಮಾತು ಬಿಡಿಸಿ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಂಪ್ಯೂಟರಿನ ಮುಂದೆ ಕೂತು ಹೆಚ್ಚಿನ ಆವರ್ತನಗಳ ಗೇನ್, ಅಂದರೆ ಸಾಧನ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ, ತಗ್ಗಿಸಿಬಿಡುವ ರೂಢಿಯಿದೆ. ಶಿಳ್ಳೆ ನಿಲ್ಲುತ್ತದೆ, ಆದರೆ ಎರಡನೆಯ ದೂರು ಎಷ್ಟೋ ಸಲ ಹುಟ್ಟುವುದು ಅಲ್ಲಿಯೇ. ಶಿಳ್ಳೆ ಸಾಮಾನ್ಯವಾಗಿ ಏಳುವುದು 2000ರಿಂದ 4000 ಹರ್ಟ್ಸ್ ಸುಮಾರಿನಲ್ಲಿ. ‘ಸಾಲು’, ‘ತಾಳು’, ‘ಕಾಲು’ ಎಂಬ ಪದಗಳ ಮೊದಲ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸಲು ಕಿವಿಗೆ ಬೇಕಾದ ಸುಳಿವುಗಳಲ್ಲಿ ಬಹಳಷ್ಟು ಇರುವುದೂ 2000 ಹರ್ಟ್ಸ್‌ನಿಂದ ಮೇಲೆಯೇ.

ಆಗುವುದು ಇಷ್ಟು. ಮೈಕ್ ಹಿಡಿದ ಧ್ವನಿಯನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ, ರಿಸೀವರ್ ಎಂಬ ಪುಟ್ಟ ಸ್ಪೀಕರ್ ಅದನ್ನು ಕಿವಿಯ ನಾಳದೊಳಗೆ ನುಡಿಸುತ್ತದೆ. ಆ ಧ್ವನಿಯ ಒಂದು ಪಾಲು ಸಂದಿಯಿಂದಲೋ ಗಾಳಿರಂಧ್ರದಿಂದಲೋ ಹೊರಬಂದು ಮತ್ತೆ ಮೈಕ್ ತಲುಪುತ್ತದೆ. ಹೊರಬರುವ ದಾರಿಯಲ್ಲಿ ಧ್ವನಿ ಎಷ್ಟು ಕುಗ್ಗುತ್ತದೆಯೋ ಅದಕ್ಕಿಂತ ಹೆಚ್ಚಾಗಿ ಸಾಧನ ಅದನ್ನು ಹಿಗ್ಗಿಸಿದರೆ, ಮತ್ತು ಮರಳಿದ ಅಲೆ ಮೂಲ ಅಲೆಯೊಂದಿಗೆ ಸರಿಯಾಗಿ ಹೊಂದಿಕೊಂಡರೆ, ಒಂದು ಸುತ್ತಿನಿಂದ ಇನ್ನೊಂದಕ್ಕೆ ಅದು ಬೆಳೆಯುತ್ತಾ ಹೋಗಿ ಶಿಳ್ಳೆಯಾಗುತ್ತದೆ. ಶಿಳ್ಳೆ ಕೇಳಿಸದಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವಂತಿಲ್ಲ. ಗೇನ್ ಆ ಮಿತಿಯ ಹತ್ತಿರ ಬಂದಾಗಲೇ ಕೆಲವು ಆವರ್ತನಗಳು ಚೂಪಾಗಿ ಎದ್ದು, ಕೆಲವು ತಗ್ಗಿ, ಪ್ರತಿ ಧ್ವನಿಯ ಹಿಂದೆ ಲೋಹದ ಝೇಂಕಾರದಂಥ ಒಂದು ಬಾಲ ಉಳಿಯುತ್ತದೆ. ‘ಮಾತೆಲ್ಲ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ’ ಎನ್ನುವವರ ಸಾಧನದಲ್ಲಿ ಇದನ್ನು ಮೊದಲು ಹುಡುಕಬೇಕು.

ಸಾಧನದ ವಿನ್ಯಾಸ ಮುಖ್ಯವಾಗುವುದು ಇಲ್ಲಿ. ಕಿವಿಯ ಹಿಂದೆ ಕೂರುವ ಸಾಧನದಲ್ಲಿ ಮೈಕ್‌ಗೂ ಧ್ವನಿ ಹೊರಡುವ ತುದಿಗೂ ನಡುವೆ ಒಂದಿಷ್ಟು ದೂರವಿರುತ್ತದೆ. ನಾಳದೊಳಗೇ ಅಡಗುವ ಪುಟ್ಟ ಸಾಧನದಲ್ಲಿ ಅವೆರಡೂ ತೀರಾ ಹತ್ತಿರ. ಆದರೂ ಒಳಗೆ ಕೂರುವ ಸಾಧನಕ್ಕೆ ಹೊರಗಿವಿಯ ಮಡಿಕೆಗಳ ಸಹಜ ನೆರವು ಸಿಗುತ್ತದೆ, ಧ್ವನಿ ತುಂಬಬೇಕಾದ ಜಾಗವೂ ಕಡಿಮೆಯಾದ್ದರಿಂದ ಅಷ್ಟು ಗೇನ್ ಬೇಕಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಗಾಳಿರಂಧ್ರದ್ದು, ಅಂದರೆ ನಾವು ವೆಂಟ್ ಎನ್ನುವುದರದ್ದು. ನಾಳವನ್ನು ಪೂರ್ತಿ ಮುಚ್ಚಿದರೆ ಶಿಳ್ಳೆಯ ದಾರಿ ಮುಚ್ಚುತ್ತದೆ ನಿಜ, ಆದರೆ ಧರಿಸಿದವರು ಮಾತನಾಡುವಾಗ ಮೂಳೆಯ ಮೂಲಕ ನಾಳಕ್ಕೆ ಬರುವ ಅವರದೇ ದನಿ ಹೊರಹೋಗಲಾರದೆ, 500 ಹರ್ಟ್ಸ್‌ಗಿಂತ ಕೆಳಗೆ 20 ಡೆಸಿಬೆಲ್‌ನಷ್ಟು ಏರಬಹುದು. ಸ್ವಂತ ದನಿ ಹೀಗೆ ಗುಮ್ಮೆಂದು ಕೇಳುವುದನ್ನು ತಾಳಲಾರದೆ ಸಾಧನವನ್ನೇ ತೆಗೆದಿಡುವವರು ಇದ್ದಾರೆ, ಮತ್ತು ಅವರ ಬೇಸರ ನ್ಯಾಯವಾದದ್ದೇ. ರಂಧ್ರವನ್ನು ಹಿಗ್ಗಿಸಿದರೆ ಅಥವಾ ಡೋಮ್ ಎಂಬ, ನಾಳದೊಳಗೆ ಕೂರುವ ತೂತುಗಳಿರುವ ಮೃದುವಾದ ತುದಿಯನ್ನು ಹಾಕಿದರೆ ಗುಮ್ಮುವುದು ತಗ್ಗುತ್ತದೆ. ಅದರೊಂದಿಗೆ ಸಾಧನ ಹಿಗ್ಗಿಸಿದ ಕೆಳ ಆವರ್ತನಗಳೂ ಸೋರಿಹೋಗುತ್ತವೆ, ಶಿಳ್ಳೆಯ ಹಾದಿಯೂ ತೆರೆದುಕೊಳ್ಳುತ್ತದೆ. ಕೆಳ ಆವರ್ತನಗಳಲ್ಲಿ ಕೇಳ್ಮೆ ಚೆನ್ನಾಗಿರುವವರಿಗೆ ತೆರೆದ ಡೋಮ್ ವರವಾಗುವಷ್ಟೇ ಸಹಜವಾಗಿ, ತೀವ್ರ ಶ್ರವಣದೋಷವಿರುವವರಿಗೆ ಅದೇ ಡೋಮ್ ತಪ್ಪು ಆಯ್ಕೆಯಾಗುತ್ತದೆ. ಹಾಗಾಗಿ ಕಿವಿಯ ಅಚ್ಚು ತೆಗೆದು ಮಾಡಿಸುವ ಇಯರ್ ಮೋಲ್ಡನ್ನು ಹೆಚ್ಚುವರಿ ಪರಿಕರವೆಂದು ನೋಡದೆ, ಸಾಧನದ ಅರ್ಧ ಭಾಗವೆಂದೇ ನೋಡಬೇಕು.

ಮೋಲ್ಡ್‌ಗೆ ಹೋಗುವ ಕೊಳವೆಗೂ ತನ್ನದೇ ಅನುರಣನವಿದ್ದು, 1000 ಹರ್ಟ್ಸ್ ಸುಮಾರಿನಲ್ಲಿ ಒಂದು ಏರು ಕಾಣುತ್ತದೆ. ಸಣ್ಣ ಡ್ಯಾಂಪರ್ ಅದನ್ನು ತಣಿಸುತ್ತದೆ. ತುದಿಯತ್ತ ಅಗಲವಾಗುವ ಕೊಳವೆ ಮೇಲಿನ ಆವರ್ತನಗಳನ್ನು ಎತ್ತಿಕೊಡುತ್ತದೆ. ರಿಸೀವರ್ ನಾಳದೊಳಗೇ ಇರುವ ಮಾದರಿಯಲ್ಲಿ ಈ ಕೊಳವೆಯೇ ಇಲ್ಲವಾದ್ದರಿಂದ ಧ್ವನಿ ಹೆಚ್ಚು ಸಮವಾಗಿ ಬರುತ್ತದೆ, ಆದರೆ ಬೆವರು ಮತ್ತು ಗುಗ್ಗೆ ನೇರವಾಗಿ ರಿಸೀವರ್‌ಗೇ ತಾಗುತ್ತವೆ.

ಡಿಜಿಟಲ್ ಸಾಧನಗಳು ಹೊರಬರುವ ಸೋರಿಕೆಯನ್ನು ಸತತವಾಗಿ ಅಂದಾಜಿಸಿ, ಅಷ್ಟನ್ನು ಮೈಕ್ ಹಿಡಿದದ್ದರಿಂದ ಕಳೆಯುತ್ತವೆ. ಶಿಳ್ಳೆಯಿಲ್ಲದೆ ಇನ್ನೂ 10ರಿಂದ 15 ಡೆಸಿಬೆಲ್‌ನಷ್ಟು ಗೇನ್ ಕೊಡಲು ಇದರಿಂದ ಸಾಧ್ಯವಾಗಿದೆ, ತೆರೆದ ಡೋಮ್‌ಗಳು ಬಳಕೆಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಈ ವ್ಯವಸ್ಥೆಗೆ ಕೊಳಲಿನ ದೀರ್ಘ ಸ್ವರವೂ ಶಿಳ್ಳೆಯಂತೆಯೇ ತೋರಬಹುದು. ಆಗ ಅದು ಸಂಗೀತವನ್ನೇ ಅಳಿಸಲು ಹೊರಟು, ಸ್ವರ ನಡುಗುವಂತೆ ಅಥವಾ ನಿಂತ ಮೇಲೂ ಗುನುಗುವಂತೆ ಮಾಡುತ್ತದೆ. ಸಂಗೀತಕ್ಕೆಂದು ಬೇರೊಂದು ಪ್ರೋಗ್ರಾಮ್ ಇಟ್ಟು, ಅದರಲ್ಲಿ ಈ ವ್ಯವಸ್ಥೆಯನ್ನು ನಿಧಾನಗೊಳಿಸುವುದು ಅಥವಾ ನಿಲ್ಲಿಸುವುದು ಉತ್ತಮ. ಅದನ್ನು ನಿಲ್ಲಿಸಿದರೂ ಶಿಳ್ಳೆ ಬಾರದಿರಬೇಕಾದರೆ ಮೋಲ್ಡ್ ಸರಿಯಾಗಿ ಕೂತಿರಲೇಬೇಕು. ಇನ್ನೊಂದು ಮಾತು ವಿಳಂಬದ್ದು: ಸಂಸ್ಕರಣೆಗೆ 5 ಮಿಲಿಸೆಕೆಂಡ್ ಹಿಡಿದರೆ, ತೆರೆದ ಕಿವಿಗೆ ನೇರವಾಗಿ ಬಂದ ಧ್ವನಿ ಮತ್ತು ತಡವಾಗಿ ಬಂದ ಧ್ವನಿ ಬೆರೆತು ಪ್ರತಿ 200 ಹರ್ಟ್ಸ್‌ಗೊಂದು ತಗ್ಗು ಬೀಳುತ್ತದೆ, ಎರಡರ ಪ್ರಬಲತೆ ಹತ್ತಿರವಿರುವ ಆವರ್ತನಗಳಲ್ಲಿ ಇದು ಧ್ವನಿಯ ಬಣ್ಣವನ್ನೇ ಬದಲಿಸುತ್ತದೆ.

ಆದ್ದರಿಂದ ಶಿಳ್ಳೆಯ ದೂರು ಬಂದಾಗ ಗೇನ್‌ಗೆ ಕೈ ಹಾಕುವ ಮೊದಲು ಕಿವಿಯೊಳಗೆ ನೋಡಬೇಕು. ಗುಗ್ಗೆ ಕಟ್ಟಿದ್ದರೆ ಧ್ವನಿ ಅದಕ್ಕೆ ಬಡಿದು ಹಿಂದಿರುಗುತ್ತದೆ. ನಂತರ ಸಾಧನವನ್ನು ಕಿವಿಯಿಂದ ತೆಗೆದು, ಮೋಲ್ಡ್‌ನ ಧ್ವನಿರಂಧ್ರವನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಬೇಕು. ಶಿಳ್ಳೆ ನಿಂತರೆ ಸೋರಿಕೆ ಇರುವುದು ಕಿವಿ ಮತ್ತು ಮೋಲ್ಡ್‌ನ ನಡುವೆ. ನಿಲ್ಲದಿದ್ದರೆ ಮೋಲ್ಡನ್ನು ಬಿಡಿಸಿ, ಕಿವಿಯ ಹಿಂದಿನ ಸಾಧನವನ್ನು ಕೊಳವೆಗೆ ಸೇರಿಸುವ ಕೊಕ್ಕೆಯ ತುದಿಯನ್ನೇ ಮುಚ್ಚಿ ನೋಡಬೇಕು. ಈಗ ನಿಂತರೆ ಕೊಳವೆ ಬಿರಿದಿದೆ. ಆಗಲೂ ನಿಲ್ಲದಿದ್ದರೆ ಕೊಕ್ಕೆ ಸೀಳಿರಬಹುದು, ಇಲ್ಲವೇ ರಿಸೀವರ್‌ನ ಕಂಪನ ಒಳಗಿನಿಂದಲೇ ಮೈಕ್ ತಲುಪುತ್ತಿರಬಹುದು, ಅದಕ್ಕೆ ದುರಸ್ತಿಯೇ ಬೇಕು. ಮಕ್ಕಳ ವಿಷಯದಲ್ಲಿ ಇದನ್ನೆಲ್ಲ ಇನ್ನಷ್ಟು ಬೇಗ ಮಾಡಬೇಕು. ಕಿವಿ ಬೆಳೆದಂತೆ ಮೋಲ್ಡ್ ಸಡಿಲವಾಗುವುದರಿಂದ ಹಸುಳೆಗಳಿಗೆ ಕೆಲವೇ ತಿಂಗಳಲ್ಲಿ ಹೊಸದು ಬೇಕಾಗುತ್ತದೆ, ಮತ್ತು ಅದು ಬರುವವರೆಗೆ ಗೇನ್ ತಗ್ಗಿಸಿದ್ದರೆ, ಹೊಸ ಮೋಲ್ಡ್ ಹಾಕಿದ ದಿನವೇ ಅದನ್ನು ಮೊದಲಿನ ಮಟ್ಟಕ್ಕೆ ಮರಳಿಸಿ ಅಳೆದು ನೋಡಬೇಕು.