ಕತ್ತಿ ಕೆಳಗಿಟ್ಟ ವೀರ: ಒಂದು ಚಿತ್ರದ ಸುತ್ತ ಹಳೇ ತಕರಾರು

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಫ್ರೆಂಚ್ ಚಿತ್ರಕಾರ ಫ್ರಾಂಸ್ವಾ ಬೂಶೆ ಬಿಡಿಸಿದ ‘ರಿನಾಲ್ಡೊ ಮತ್ತು ಆರ್ಮೀಡಾ’ ಎಂಬ ತೈಲಚಿತ್ರವಿದೆ. ಕಥೆ ವೀರಕಾವ್ಯದ್ದು. ಆದರೆ ವೀರ ಕುದುರೆ ಏರಿಲ್ಲ, ಕತ್ತಿ ಬೀಸುತ್ತಿಲ್ಲ. ಮಾಟಗಾತಿಯ ಹತ್ತಿರ ಕುಳಿತು ಅವಳಲ್ಲೇ ಮೈಮರೆತಿದ್ದಾನೆ. ಇದೆಂಥಾ ವೀರಚಿತ್ರ? ಹದಿನೆಂಟನೇ ಶತಮಾನದ ಫ್ರಾನ್ಸಿನ ನಯನಾಜೂಕಿನ, ಅಲಂಕಾರ ತುಂಬಿದ ರೊಕೊಕೊ ಶೈಲಿಯ ಮೇಲಿನ ಜಗಳವೆಲ್ಲ ಹೆಚ್ಚುಕಡಿಮೆ ಇದೇ.

ಕಥೆಯ ಬೇರು ಟಾರ್ಕ್ವಾಟೊ ಟ್ಯಾಸೊನ ಇಟಾಲಿಯನ್ ಕಾವ್ಯದಲ್ಲಿದೆ. ಅದು ಅಚ್ಚಾಗಿದ್ದು 1581ರಲ್ಲಿ. ವೀರ ರಿನಾಲ್ಡೊನನ್ನು ಕೊಲ್ಲಲು ಬಂದ ಮಾಟಗಾತಿ ಆರ್ಮೀಡಾ ಅವನಿಗೇ ಮನಸೋತು, ಎತ್ತಿಕೊಂಡು ಹೋಗಿ ತನ್ನ ತೋಟದಲ್ಲಿ ಇಟ್ಟುಕೊಳ್ಳುತ್ತಾಳೆ. 1686ರಲ್ಲಿ ಸಂಗೀತಗಾರ ಲುಲ್ಲಿ ಇದನ್ನು ಒಪೆರಾ, ಅಂದರೆ ಹಾಡಿನ ನಾಟಕ, ಮಾಡಿದ. ಪ್ಯಾರಿಸ್ಸಿಗೆ ಕಥೆ ಬಾಯಿಪಾಠವಾಯಿತು.

1734ರಲ್ಲಿ ಬೂಶೆಗೆ ಮೂವತ್ತು. ಫ್ರಾನ್ಸಿನ ರಾಜರ ಚಿತ್ರಕಲಾ ಅಕಾಡೆಮಿಯ ಸದಸ್ಯನಾಗಲು ಒಂದು ಚಿತ್ರ ಒಪ್ಪಿಸಬೇಕಿತ್ತು. ಅಲ್ಲಿ ಚಿತ್ರಗಳಿಗೂ ಮೇಲು ಕೀಳು. ಪುರಾಣ, ಇತಿಹಾಸ, ಕಾವ್ಯ ಮೇಲೆ. ಭಾವಚಿತ್ರ, ಭೂದೃಶ್ಯ, ಹೂವು ಹಣ್ಣು ಕೆಳಗೆ. ಬೂಶೆ ನೇರ ಮೇಲಿನ ಮೆಟ್ಟಿಲಿಗೇ ಕಾಲಿಟ್ಟ. ಇತಿಹಾಸ ಚಿತ್ರಕಾರ ಎಂದೇ ಅಕಾಡೆಮಿ ಅವನನ್ನು ಸೇರಿಸಿಕೊಂಡಿತು. ಆಮೇಲೆ ಮೂಗು ಮುರಿದವರು ಇದನ್ನು ಜಾಸ್ತಿ ಹೇಳುವುದಿಲ್ಲ, ಅಲ್ವಾ?

ಜಗಳ ಜೋರಾಗಿದ್ದು 1760ರ ದಶಕದಲ್ಲಿ. ಈತನಲ್ಲಿ ಎಲ್ಲವೂ ಇದೆ, ಸತ್ಯ ಒಂದನ್ನು ಬಿಟ್ಟು ಎಂದು 1761ರಲ್ಲಿ ಲೇಖಕ, ಕಲಾವಿಮರ್ಶಕ ದಿದರೋ ಬರೆದ. ಮಾತು ಚೆನ್ನಾಗಿತ್ತು, ಅಂಟಿಕೊಂಡಿತು. ಅರಮನೆ ಮಾತ್ರ 1765ರಲ್ಲಿ ಬೂಶೆಯನ್ನೇ ರಾಜನ ಪ್ರಥಮ ಚಿತ್ರಕಾರನನ್ನಾಗಿ ಮಾಡಿತು. ಮುಂದೆ ಫ್ರೆಂಚ್ ಕ್ರಾಂತಿ ಬಂತು, 1793ರಲ್ಲಿ ಅಕಾಡೆಮಿ ಮುಚ್ಚಿತು, ಚಿಪ್ಪಿನ ಅಲಂಕಾರದ ‘ರೊಕೈ’ ಪದವನ್ನು ತಿರುಚಿ ‘ರೊಕೊಕೊ’ ಎಂದು ಗೇಲಿ ಮಾಡುವುದೂ ಶುರುವಾಯಿತು. ಹತ್ತೊಂಬತ್ತನೇ ಶತಮಾನದ ನಡುವೆ ಅದೇ ಚಿತ್ರಗಳನ್ನು ಸಂಗ್ರಾಹಕರು ಹುಡುಕಿಕೊಂಡು ಬಂದರು.

ಇಷ್ಟೆಲ್ಲದರ ನಡುವೆ ಕಾವ್ಯವನ್ನೇ ಒಮ್ಮೆ ತೆರೆದು ನೋಡಬಹುದು. 16ನೇ ಸರ್ಗದಲ್ಲಿ ಟ್ಯಾಸೊ ತನ್ನ ವೀರನ ಕೈಗೆ ಕೊಟ್ಟಿದ್ದು ಕನ್ನಡಿ. ಆರ್ಮೀಡಾ ಅದರಲ್ಲಿ ತನ್ನನ್ನು ನೋಡಿಕೊಳ್ಳುತ್ತಾಳೆ, ಅವನು ಅವಳನ್ನು ನೋಡುತ್ತಾನೆ. ಹುಡುಕಿ ಬಂದ ಇಬ್ಬರು ಗೆಳೆಯರು ಮರೆಯಲ್ಲಿದ್ದಾರೆ. ಅವಳು ಅತ್ತ ಹೋದದ್ದೇ ತಡ, ಥಳಥಳ ಹೊಳೆಯುವ ಗುರಾಣಿ ಮುಂದೆ ಹಿಡಿಯುತ್ತಾರೆ. ಅದರಲ್ಲಿ ತನ್ನ ಸಿಂಗಾರ ಕಂಡು ರಿನಾಲ್ಡೊಗೆ ನಾಚಿಕೆಯಾಗುತ್ತದೆ.

ಬೂಶೆ ಆ ಗುರಾಣಿಗಿಂತ ಒಂದು ಕ್ಷಣ ಮೊದಲೇ ಕುಂಚ ನಿಲ್ಲಿಸಿದ, ಅಷ್ಟೇ. ಗೆಳೆಯರಿಬ್ಬರೂ ಚಿತ್ರದಲ್ಲಿದ್ದಾರೆ, ಹಿಂದೆ ಮರೆಯಿಂದ ಇಣುಕುತ್ತ. ಗುಲಾಬಿ ಮೈಬಣ್ಣ ನೋಡಿ ಸುಮ್ನೆ ಮುಂದೆ ಹೋದವರಿಗೆ ಅವರು ಕಾಣುವುದಿಲ್ಲ.