ಸ್ಪೆಲ್ಲಿಂಗ್ ನಿಂತಿತು, ನಾಲಿಗೆ ನಿಲ್ಲಲಿಲ್ಲ

ಗೀತಾ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮವರು ಎರಡು ಥರ ಬರೆಯುತ್ತಾರೆ. ಕೆಲವರು 'ಜಿ' ಆದಮೇಲೆ ಒಂದು 'ಐ' ಹಾಕುತ್ತಾರೆ, ಕೆಲವರು ಎರಡು 'ಇ' ಹಾಕುತ್ತಾರೆ. ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ 'ಐ' ಅಂತ ಹೆಸರಿರುವ ಅಕ್ಷರ ಈಕಾರದ ಸದ್ದು ಕೊಡುವುದು ವಿಚಿತ್ರ ಅಲ್ವಾ? ಇಟಲಿಯವರು, ಸ್ಪೇನಿನವರು ಇದೇ ಅಕ್ಷರಮಾಲೆಯ ಐದು ಸ್ವರಗಳನ್ನು ಆ, ಎ, ಇ, ಒ, ಉ ಅಂತಲೇ ಕರೆಯುತ್ತಾರೆ. ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವಾಗ ನಾವೂ ಹೆಚ್ಚುಕಡಿಮೆ ಅದೇ ಲೆಕ್ಕ ಹಿಡಿಯುತ್ತೇವೆ. ಇಂಗ್ಲಿಷಿನವರು ಮಾತ್ರ ಏ, ಈ, ಐ ಅಂತ ಬೇರೆ ದಾರಿ ಹಿಡಿದಿದ್ದಾರೆ.

ಮೊದಲು ಅವರೂ ಹೀಗಿರಲಿಲ್ಲ. 1400ರಲ್ಲಿ ತೀರಿಕೊಂಡ ಕವಿ ಚಾಸರ್ ಕಾಲದ ಲಂಡನ್ನಿನಲ್ಲಿ 'ನೇಮ್' ಎಂಬುದು ಸುಮಾರಾಗಿ 'ನಾಮ' ಆಗಿತ್ತು. ಹೌದು, ನಮ್ಮ ನಾಮದ ಥರವೇ. ಎರಡಕ್ಕೂ ಇಂಡೋ-ಯುರೋಪಿಯನ್ ಮೂಲ ಒಂದೇ, ಆದರೆ ಆ ಕಥೆ ಇಲ್ಲಿ ಬೇಡ. 'ಟೈಮ್' ಆಗ 'ಟೀಮ', 'ಫೀಟ್' ಆಗ 'ಫೇಟ್', 'ಮೂನ್' ಆಗ 'ಮೋನ್', 'ಹೌಸ್' ಆಗ 'ಹೂಸ್'. ಅಂದರೆ ಅಂದಿನ ಸ್ಪೆಲ್ಲಿಂಗ್ ಮತ್ತು ಅಂದಿನ ಉಚ್ಚಾರ ತಕ್ಕಮಟ್ಟಿಗೆ ಹೊಂದುತ್ತಿದ್ದವು.

ಆಮೇಲೆ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬಿಟ್ಟು ಕದಲಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ ಇದಕ್ಕೆ 'ಗ್ರೇಟ್ ವವೆಲ್ ಶಿಫ್ಟ್' ಅಂತ ಹೆಸರಿಟ್ಟರು. ಏನಾಯಿತು ಅಂತ ತಿಳಿಯಲು ನಿಮ್ಮ ಬಾಯಿಯೇ ಸಾಕು. 'ಆ' ಅನ್ನಿ, ನಾಲಿಗೆ ಪೂರ್ತಿ ಕೆಳಗಿರುತ್ತದೆ. 'ಏ' ಅನ್ನಿ, ಅರ್ಧ ಏರುತ್ತದೆ. 'ಈ' ಅನ್ನಿ, ಅಂಗುಳಿಗೆ ತಾಗುವಷ್ಟು ಹತ್ತಿರ ಹೋಗುತ್ತದೆ. ಆ ಮುನ್ನೂರು ವರ್ಷಗಳಲ್ಲಿ ಆಕಾರ ಮೇಲೇರುತ್ತಾ ಏಕಾರದತ್ತ ಹೋಯಿತು, ಏಕಾರ ಈಕಾರವಾಯಿತು, ಮೊದಲೇ ತುದಿಯಲ್ಲಿದ್ದ ಈಕಾರಕ್ಕೆ ಏರಲು ಜಾಗವೇ ಇಲ್ಲದೆ ಒಡೆದು 'ಐ' ಆಯಿತು. ನಾಲಿಗೆಯ ಹಿಂಭಾಗ ಏರಿ ಹುಟ್ಟುವ ಸ್ವರಗಳಲ್ಲೂ ಇದೇ ಕಥೆ: ಓಕಾರ ಊಕಾರವಾಯಿತು, ಊಕಾರ ಒಡೆದು 'ಔ' ಆಯಿತು. ಹ್ರಸ್ವ ಸ್ವರಗಳು ಈ ಗದ್ದಲಕ್ಕೆ ಸಿಗಲಿಲ್ಲ. ಹಾಗಾಗಿಯೇ 'ವೈಸ್' ಪಕ್ಕದಲ್ಲಿ 'ವಿಸ್ಡಮ್' ಇದೆ, 'ಕೀಪ್' ಪಕ್ಕದಲ್ಲಿ 'ಕೆಪ್ಟ್' ಇದೆ. ಸ್ಕಾಟ್ಲೆಂಡಿನ ಹಳ್ಳಿಗಳ ಮಾತಿನಲ್ಲಿ ಇವತ್ತಿಗೂ ಮನೆ ಅಂದರೆ 'ಹೂಸ್', ರಾತ್ರಿ ಅಂದರೆ 'ನಿಖ್ಟ್'. 'ನೈಟ್' ಎಂಬ ಪದದ ಮಧ್ಯೆ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಆ 'ಜಿ-ಎಚ್' ಸುಮ್ನೆ ಕೂತದ್ದಲ್ಲ, ಒಂದು ಕಾಲಕ್ಕೆ ಗಂಟಲಿಂದ ಬರುತ್ತಿದ್ದ ಸದ್ದು ಅದು.

ಟೇಪ್ ರೆಕಾರ್ಡರ್ ಇಲ್ಲದ ಕಾಲದ ಉಚ್ಚಾರ ಇವರಿಗೆ ಹೇಗೆ ಗೊತ್ತು ಅಂತ ನೀವು ಕೇಳಬಹುದು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಈ ಪತ್ತೇದಾರಿಯೇ. ಒಂದು ಸುಳಿವು ಪ್ರಾಸ. ಅಲೆಕ್ಸಾಂಡರ್ ಪೋಪ್ ಹದಿನೆಂಟನೇ ಶತಮಾನದ ಆರಂಭದಲ್ಲಿ ರಾಣಿ ಆ್ಯನ್ ಬಗ್ಗೆ ಬರೆದ ಎರಡು ಸಾಲುಗಳಲ್ಲಿ 'ಒಬೇ' ಎಂಬ ಪದಕ್ಕೆ 'ಟೀ' ಎಂಬ ಪದವನ್ನು ಪ್ರಾಸ ಮಾಡಿದ್ದಾನೆ. ಪ್ರಾಸದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಕವಿ ತಪ್ಪಿದನೇ? ಇಲ್ಲ, ಅವನು ಕುಡಿಯುತ್ತಿದ್ದುದು 'ಟೇ'. ಇನ್ನೊಂದು ಸುಳಿವು, ಜಾಸ್ತಿ ಓದದವರ ಖಾಸಗಿ ಪತ್ರಗಳು. ಸ್ಪೆಲ್ಲಿಂಗ್ ಗೊತ್ತಿಲ್ಲದವರು ಕಿವಿಗೆ ಕೇಳಿದಂತೆ ಬರೆಯುತ್ತಾರೆ, ಅವರ ತಪ್ಪುಗಳೇ ಸಾಕ್ಷಿ. ಮೂರನೆಯದು, ಅಂದಿನವರೇ ಬರೆದಿಟ್ಟ ವಿವರ. ಜಾನ್ ಹಾರ್ಟ್ ಎಂಬಾತ 1569ರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಕೆಟ್ಟುಹೋಗಿದೆ ಎಂದು ರೇಗಿ, ಯಾವ ಸ್ವರಕ್ಕೆ ನಾಲಿಗೆ ತುಟಿ ಹೇಗಿರಬೇಕು ಅಂತ ವಿವರಿಸಿ, ಉಚ್ಚಾರಕ್ಕೆ ತಕ್ಕ ಹೊಸ ಬರವಣಿಗೆಯನ್ನೇ ಮುಂದಿಟ್ಟ. ಜನ ಅವನ ಮಾತು ಕೇಳಲಿಲ್ಲ. ಆದರೆ ಸ್ವರಗಳು ಅರ್ಧ ದಾರಿಯಲ್ಲಿದ್ದಾಗ ತೆಗೆದ ಚಿತ್ರ ಅದರಿಂದ ನಮಗೆ ಸಿಕ್ಕಿತು.

ಇನ್ನು ಸ್ಪೆಲ್ಲಿಂಗ್ ಯಾಕೆ ಜೊತೆಗೆ ಬದಲಾಗಲಿಲ್ಲ? ಎಲ್ಲರೂ ಬೈಯುವುದು ವಿಲಿಯಂ ಕ್ಯಾಕ್ಸ್‌ಟನ್‌ನನ್ನು. ಜರ್ಮನಿಯ ಕಲೋನ್‌ನಲ್ಲಿ ಮುದ್ರಣ ಕಲಿತು, ಬ್ರೂಜ್‌ನಲ್ಲಿ ಪುಸ್ತಕ ಅಚ್ಚು ಹಾಕಿ, 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟವನು ಅವನು. 'ಗೋಸ್ಟ್' ಎಂಬ ಪದದೊಳಗೆ ಸುಮ್ಮನೆ ಕೂತಿರುವ 'ಎಚ್' ಬ್ರೂಜ್ ಇರುವ ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ) ಕಡೆಯ ಬರವಣಿಗೆಯ ಪ್ರಭಾವ. ಪಾಪ, ಅವನ ಕಷ್ಟ ಅವನಿಗೆ. 1490ರ ಒಂದು ಮುನ್ನುಡಿಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಕೆಲವು ವ್ಯಾಪಾರಿಗಳ ಹಡಗು ಗಾಳಿ ಇಲ್ಲದೆ ಥೇಮ್ಸ್ ನದಿಯ ಬಾಯಲ್ಲಿ ನಿಂತಿತಂತೆ. ಅವರಲ್ಲೊಬ್ಬ ದಡಕ್ಕೆ ಹೋಗಿ ಒಂದು ಮನೆಯಲ್ಲಿ 'ಎಗ್ಸ್' ಕೊಡಿ ಎಂದ. ಆ ಮನೆಯ ಹೆಂಗಸು, ನನಗೆ ಫ್ರೆಂಚ್ ಬರುವುದಿಲ್ಲ ಎಂದಳು. ಅವನಿಗೂ ಫ್ರೆಂಚ್ ಬಾರದು, ಸಿಟ್ಟು ನೆತ್ತಿಗೇರಿತು. ಕೊನೆಗೆ ಇನ್ನೊಬ್ಬ 'ಐರೆನ್' ಕೊಡಿ ಎಂದಾಗ ಅವಳಿಗೆ ಅರ್ಥವಾಯಿತು. ಎರಡೂ ಮೊಟ್ಟೆಯೇ! ಒಂದು ವೈಕಿಂಗರು ತಂದ ಪದ, ಇನ್ನೊಂದು ಊರಿನ ಹಳೆಯ ಪದ. ಹೀಗಿರುವಾಗ ನಾನು ಯಾವುದನ್ನು ಅಚ್ಚು ಹಾಕಲಿ ಅಂತ ಕ್ಯಾಕ್ಸ್‌ಟನ್ ಕೇಳುತ್ತಾನೆ.

ಅವನೂ ಅವನ ನಂತರದವರೂ ಲಂಡನ್ ಸುತ್ತಮುತ್ತ ಸರ್ಕಾರಿ ಗುಮಾಸ್ತರು ಬಳಸುತ್ತಿದ್ದ ರೂಪಗಳ ಕಡೆಗೇ ವಾಲಿದರು. 1650ರ ಹೊತ್ತಿಗೆ ಸ್ಪೆಲ್ಲಿಂಗ್ ಹೆಚ್ಚುಕಡಿಮೆ ನೆಲೆ ನಿಂತಿತು. ಸ್ಯಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟು ಅದಕ್ಕೆ ಮೊಳೆ ಹೊಡೆಯಿತು. ಅಂದರೆ ಸ್ವರಗಳು ಓಡುತ್ತಿದ್ದ ಸಮಯಕ್ಕೇ ಅಕ್ಷರಗಳು ಕೂತುಬಿಟ್ಟವು. ನಡುವೆ ಪಂಡಿತರ ಕಿತಾಪತಿ ಬೇರೆ. ಫ್ರೆಂಚಿನಿಂದ ಬಂದ 'ಡೆಟ್' ಎಂಬ ಪದಕ್ಕೆ ಲ್ಯಾಟಿನ್ ಮೂಲ ನೆನಪಿಸಲು ಒಂದು 'ಬಿ' ಸೇರಿಸಿದರು, ಅದನ್ನು ಯಾರೂ ಉಚ್ಚರಿಸಲಿಲ್ಲ. 'ಐಲ್ಯಾಂಡ್' ಅಚ್ಚ ಇಂಗ್ಲಿಷ್ ಪದ. ಅದಕ್ಕೂ ಲ್ಯಾಟಿನ್ ನೆಂಟಸ್ತಿಕೆ ಇದೆ ಅಂತ ತಪ್ಪು ತಿಳಿದು ಒಂದು 'ಎಸ್' ತುರುಕಿದರು. ಅದನ್ನು ಇವತ್ತಿಗೂ ತೆಗೆದಿಲ್ಲ.

ಕನ್ನಡದಲ್ಲೂ ಸದ್ದು ಬದಲಾಗಿದೆ. ಪಂಪನ ಕಾಲದ ಪಾಲ್, ಪುಲಿ, ಪೂ ಈಗ ಹಾಲು, ಹುಲಿ, ಹೂ. ನಾವು ಬಾಯಿಯ ಜೊತೆ ಬರಹವನ್ನೂ ಬದಲಿಸಿಕೊಂಡೆವು, ಸದ್ದು ಹೋದಮೇಲೆ ೞ ಅಕ್ಷರವನ್ನೂ ಕೈಬಿಟ್ಟೆವು. ನಮ್ಮ ಮಕ್ಕಳಿಗೆ ಸ್ಪೆಲ್ಲಿಂಗ್ ಪರೀಕ್ಷೆಯ ಕಾಟ ಇಲ್ಲ, ಸರಿ. ಆದರೆ ಅದಕ್ಕೆ ಬೆಲೆ ತೆತ್ತಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಹಳೆಯ ಪುಟ ತೆರೆದರೆ ಪರಿಚಯದ ಪದವೂ ವೇಷ ಮರೆಸಿಕೊಂಡಂತೆ ಕಾಣುತ್ತದೆ. ಶೇಕ್ಸ್‌ಪಿಯರ್ ನಾಟಕಗಳ 1623ರ ಮುದ್ರಣವನ್ನು ಇವತ್ತಿನ ಇಂಗ್ಲಿಷ್ ಓದುಗ ಅಷ್ಟೇನೂ ತಡವರಿಸದೆ ಓದಿಕೊಳ್ಳುತ್ತಾನೆ. ಆದರೆ ಶೇಕ್ಸ್‌ಪಿಯರ್ ಎದುರು ಬಂದು ಮಾತಾಡಿದರೆ ಕಿವಿ ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾದೀತು.

ಸ್ವರಗಳು ಕದಲಿದ್ದು ಯಾಕೆ ಎಂಬ ಪ್ರಶ್ನೆಗೆ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. 1348ರ ಮಹಾ ಪ್ಲೇಗಿನ ನಂತರ ಬೇರೆ ಬೇರೆ ಸೀಮೆಯ ಜನ ಲಂಡನ್ನಿಗೆ ಬಂದು ಮಾತು ಬೆರೆತಿದ್ದೇ ಕಾರಣ ಅಂತ ಕೆಲವರು ಹೇಳುತ್ತಾರೆ. ಮೊದಲು ಕದಲಿದ್ದು ಯಾವುದು, ಕೆಳಗಿನ ಸ್ವರ ಮೇಲಿನದನ್ನು ದೂಡಿತೇ ಅಥವಾ ಮೇಲಿನದು ಜಾಗ ಖಾಲಿ ಮಾಡಿ ಕೆಳಗಿನದನ್ನು ಎಳೆಯಿತೇ ಎಂಬ ಜಗಳವೂ ಮುಗಿದಿಲ್ಲ.

ಇಂಥದ್ದೇ ಒಂದು ಸರಪಳಿ ನಮ್ಮ ಕಾಲದಲ್ಲೂ ನಡೆದಿದೆ. ನ್ಯೂಜಿಲೆಂಡ್ ಕ್ರಿಕೆಟಿಗರ ಸಂದರ್ಶನ ಕೇಳಿ. 'ಬ್ಯಾಟ್' ಎಂಬುದು 'ಬೆಟ್' ಕಡೆಗೆ, 'ಟೆನ್' ಎಂಬುದು 'ಟಿನ್' ಕಡೆಗೆ ಸರಿದಿರುತ್ತದೆ, 'ಫಿಶ್' ನಮ್ಮ ಕಿವಿಗೆ 'ಫಶ್' ಥರ ಬೀಳುತ್ತದೆ. ಈ ಸಲ ಹ್ರಸ್ವ ಸ್ವರಗಳ ಸರದಿ. ಪ್ರಾಸಗಳನ್ನೇ ನಂಬಿ ಕೂರುವ ಕಷ್ಟವೂ ಇಲ್ಲ. 1946ರಿಂದ 48ರವರೆಗೆ ಅಲ್ಲಿನ ರೇಡಿಯೊದವರು ಊರೂರು ತಿರುಗಿ ಮುದುಕರ ಮಾತು ರೆಕಾರ್ಡ್ ಮಾಡಿದ್ದರು. ಅವರಲ್ಲಿ ಕೆಲವರು ಹುಟ್ಟಿದ್ದು 1850ರ ದಶಕದಲ್ಲಿ. ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಸಂಶೋಧಕರು ಆ ದನಿಗಳನ್ನು ಕೇಳಿ, ಯಾವ ಸ್ವರ ಯಾವ ತಲೆಮಾರಿನಲ್ಲಿ ಎಷ್ಟು ಸರಿಯಿತು ಅಂತ ಕಂಪ್ಯೂಟರಿನಲ್ಲಿ ಅಳೆದು ನೋಡಿದ್ದಾರೆ. ಆ ಪದಗಳ ಸ್ಪೆಲ್ಲಿಂಗ್ ಮಾತ್ರ ಅಲ್ಲೂ ಲಂಡನ್ನಿನದೇ.