ಫುಟ್‌ಪಾತಿನ ಡಿಸ್ಕ್ ನೋಡಿ ವಿಮರ್ಶೆ ಬರೆಯುವವರಿಗೆ

ಕೆಲವು ವರ್ಷಗಳ ಹಿಂದೆ ಸಿನಿಮಾ ವಿಮರ್ಶೆಯ ಶಿಬಿರವೊಂದರಲ್ಲಿ ಹುಡುಗನೊಬ್ಬ ಆಗಷ್ಟೇ ಬಿಡುಗಡೆಯಾಗಿದ್ದ ಚಿತ್ರವೊಂದರ ಬಗ್ಗೆ ತಾನು ಬರೆದದ್ದನ್ನು ಓದಿದ. ಭಾಷೆ ಹದವಾಗಿತ್ತು, ಕಥೆಯ ಬಗೆಗಿನ ಮಾತುಗಳೂ ಸೂಕ್ಷ್ಮವಾಗಿದ್ದವು. ಆದರೆ ಕೊನೆಗೆ ಬರುವಾಗ ರಾತ್ರಿಯ ದೃಶ್ಯಗಳು ಬೂದಿ ಎರಚಿದಂತಿವೆ, ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತದೆ, ನಟರ ಹಣೆ ಚೌಕಟ್ಟಿನಾಚೆ ಹೋಗುತ್ತದೆ ಎಂದು ಮೂರು ದೋಷಗಳನ್ನು ಅವನು ಎತ್ತಿ ಹೇಳಿದ್ದ. ಆ ಚಿತ್ರವನ್ನು ನಾನು ಚಿತ್ರಮಂದಿರದಲ್ಲಿ ನೋಡಿದ್ದೆ. ಆ ಮೂರರಲ್ಲಿ ಒಂದೂ ಚಿತ್ರದ್ದಲ್ಲ. ಎಲ್ಲಿ ನೋಡಿದೆಯಪ್ಪಾ ಎಂದು ಕೇಳಿದೆ. ‘ಫುಟ್‌ಪಾತಿನಲ್ಲಿ ತಗೊಂಡೆ ಸರ್, ಒರಿಜಿನಲ್ ಪ್ರಿಂಟ್ ಅಂತಲೇ ಹೇಳಿ ಕೊಟ್ಟರು’ ಎಂದ. ಛಾಯಾಗ್ರಾಹಕನ ಲೆಕ್ಕಕ್ಕೆ ಅವನು ಬರೆದಿದ್ದ ತಪ್ಪೆಲ್ಲ ಕತ್ತಲಲ್ಲಿ ಕ್ಯಾಮೆರಾ ಬಚ್ಚಿಟ್ಟುಕೊಂಡು ಕೂತ ಯಾವನೋ ಅಪರಿಚಿತನದಾಗಿತ್ತು.

ನಾನು ಮೊದಲು ಡಿವಿಡಿ ಸಿದ್ಧಪಡಿಸುವ ಸ್ಟುಡಿಯೊದಲ್ಲಿದ್ದು, ಆಮೇಲೆ ಚಿತ್ರಗಳ ಬಣ್ಣ ತಿದ್ದುವ ಕೆಲಸಕ್ಕೆ ಬಂದವನು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್, ಚೆನ್ನೈನ ಬರ್ಮಾ ಬಜಾರ್, ದೆಹಲಿಯ ಪಾಲಿಕಾ ಬಜಾರ್‌ಗಳಲ್ಲಿ ಕಳ್ಳ ಡಿಸ್ಕುಗಳು ರಾಜಾರೋಷವಾಗಿ ಮಾರಾಟವಾಗುತ್ತಿದ್ದ ದಿನಗಳಲ್ಲಿ, ಅಂಥವನ್ನು ಬಿಚ್ಚಿ ನೋಡುವುದು ನಮ್ಮ ಕೆಲಸದ ಭಾಗವೇ ಆಗಿತ್ತು. ಅವುಗಳ ಮೂಲಕವೇ ಜಗತ್ತಿನ ಸಿನಿಮಾ ಕಂಡ ತಲೆಮಾರಿನವನಾದ ನಾನು, ಅವನ್ನು ನೋಡಿದವರಿಗೆ ಬುದ್ಧಿ ಹೇಳಲು ಹೊರಟರೆ ಅದು ಬೂಟಾಟಿಕೆಯಾದೀತು. ನನ್ನ ತಕರಾರು ಬೇರೆ: ಅಂಥ ಪ್ರತಿಯನ್ನು ನೋಡಿದವರು ಚಿತ್ರದ ಬಗ್ಗೆ ಯಾವ ಮಾತನ್ನು ಬರೆಯಬಹುದು, ಯಾವುದನ್ನು ಬರೆಯಬಾರದು ಎಂಬುದು ನಮ್ಮಲ್ಲಿ ಅನೇಕ ವಿಮರ್ಶಕರಿಗೆ ಗೊತ್ತಿಲ್ಲ.

ಮೊದಲು ಕ್ಯಾಮೆರಾ ಪ್ರಿಂಟನ್ನೇ ತೆಗೆದುಕೊಳ್ಳೋಣ. ಚಿತ್ರಮಂದಿರದೊಳಗೆ ಕದ್ದು ಚಿತ್ರೀಕರಿಸುವ ಸಣ್ಣ ಕ್ಯಾಮೆರಾ ಸಾಮಾನ್ಯವಾಗಿ ಸ್ವಯಂಚಾಲಿತ ಸ್ಥಿತಿಯಲ್ಲಿರುತ್ತದೆ. ಪರದೆಯ ಮೇಲೆ ಕತ್ತಲ ದೃಶ್ಯ ಬಂದೊಡನೆ ಅದು ಬೆಳಕು ಸಾಲದೆಂದು ತಿಳಿದು ತನ್ನ ಸಂವೇದನೆಯನ್ನು ಹಿಗ್ಗಿಸುತ್ತದೆ; ಛಾಯಾಗ್ರಾಹಕ ಒಂದೇ ಒಂದು ದೀಪವಿಟ್ಟು ಕಷ್ಟಪಟ್ಟು ಕಟ್ಟಿದ ಕಪ್ಪು, ಆ ಕ್ಷಣದಲ್ಲಿ ಕಾಳುಕಾಳಾದ ಬೂದುಬಣ್ಣವಾಗುತ್ತದೆ. ಮುಂದಿನ ಶಾಟಿನಲ್ಲಿ ಬಿಸಿಲು ಬಂದರೆ ಮುಖವೆಲ್ಲ ಸುಣ್ಣ ಬಳಿದಂತಾಗಿ, ಒಂದೆರಡು ಸೆಕೆಂಡಿನ ನಂತರ ಸರಿಹೋಗುತ್ತದೆ. ಬೆಳಕು ಹೀಗೆ ಉಸಿರಾಡುತ್ತಿದ್ದರೆ ಅದು ಕಳ್ಳ ಕ್ಯಾಮೆರಾದ ಉಸಿರಾಟವೇ ಹೊರತು ಚಿತ್ರದ್ದಲ್ಲ. ರೀಲು ಓಡುತ್ತಿದ್ದ ಕಾಲದಲ್ಲಿ ಇದರ ಜೊತೆಗೆ ಮಿಣುಕೂ ಇರುತ್ತಿತ್ತು. ಸೆಕೆಂಡಿಗೆ 24 ಚೌಕಟ್ಟುಗಳನ್ನು ಒಂದೊಂದನ್ನೂ ಎರಡು ಸಲ ತೋರಿಸುವ ಪ್ರೊಜೆಕ್ಟರ್ 48 ಬಾರಿ ಬೆಳಗುತ್ತಿದ್ದರೆ, ನಮ್ಮ ದೇಶದ ವಿಡಿಯೊ ಕ್ಯಾಮೆರಾ 50 ಬಾರಿ ಕಣ್ಣು ತೆರೆಯುತ್ತಿತ್ತು. ಇವೆರಡರ ತಾಳ ತಪ್ಪಿದ್ದೇ ಆ ಮಿಣುಕಿಗೆ ಕಾರಣ.

ಧ್ವನಿಯ ಸಂಗತಿ ಇನ್ನೂ ಮೋಸದ್ದು. ಕ್ಯಾಮೆರಾದ ಮೈಕು ಜೋರು ಸದ್ದು ಬಂದಾಗ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ ಮತ್ತು ಸದ್ದಡಗಿದಾಗ ನಿಧಾನವಾಗಿ ಮೇಲೇರುತ್ತದೆ. ಆದ್ದರಿಂದ ಬಾಂಬು ಸಿಡಿದ ನಂತರದ ಪಿಸುಮಾತು ಕೇಳಿಸುವುದೇ ಇಲ್ಲ. ನಿರ್ದೇಶಕ ಬೇಕೆಂದೇ ಬಿಟ್ಟ ಮೌನದಲ್ಲಿ ಏಸಿಯ ಗುಂಯ್‌ಗುಡುವಿಕೆಯೂ ಪಕ್ಕದವರ ಕೆಮ್ಮೂ ದೊಡ್ಡದಾಗಿ ಕೇಳಿಸುತ್ತವೆ. ಸುತ್ತಲಿನ ಸ್ಪೀಕರುಗಳಿಗೆ ಹಂಚಿದ್ದ ಮಳೆ, ಸಂತೆ, ರೈಲುಗಳೆಲ್ಲ ಒಂದೇ ಮೈಕಿನೊಳಗೆ ನುಗ್ಗಿ ಮಾತಿನ ಮೇಲೆ ಕೂರುತ್ತವೆ. ಸಂಗೀತ ಮಾತನ್ನು ನುಂಗಿದೆ ಎಂಬ ವಾಕ್ಯವನ್ನು ಕ್ಯಾಮೆರಾ ಪ್ರಿಂಟ್ ನೋಡಿದವರು ಯಾವ ಕಾರಣಕ್ಕೂ ಬರೆಯಬಾರದು. (ಪ್ರೇಕ್ಷಕರ ಶಿಳ್ಳೆ ಎಲ್ಲಿ ಬಿದ್ದಿದೆ ಎಂಬುದು ಮಾತ್ರ ಇಂಥ ಪ್ರತಿಯಲ್ಲೇ ಸಿಗುವ ಮಾಹಿತಿ, ಅದನ್ನು ಕೇಳಿಸಿಕೊಳ್ಳುವ ಚಪಲ ನನಗೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.)

‘ಐದು ಸಿನಿಮಾ ಒಂದೇ ಡಿಸ್ಕಿನಲ್ಲಿ’ ಎಂದು ಮಾರುತ್ತಿದ್ದ ಡಿವಿಡಿಗಳದು ಬೇರೆಯದೇ ರೋಗ. ಒಂದು ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಜಾಗವಿರುತ್ತದೆ. ಎರಡೂವರೆ ಗಂಟೆಯ ಒಂದೇ ಚಿತ್ರವನ್ನು ಅದರಲ್ಲಿಟ್ಟರೆ ಸೆಕೆಂಡಿಗೆ ಸುಮಾರು 42 ಲಕ್ಷ ಬಿಟ್ ದತ್ತಾಂಶ ಸಿಗುತ್ತದೆ. ಅಂಥ ಐದನ್ನು ತುರುಕಿದರೆ ಚಿತ್ರ ಧ್ವನಿಗಳೆರಡೂ ಸೇರಿ ಎಂಟು ಲಕ್ಷ ಚಿಲ್ಲರೆಯಲ್ಲೇ ಬದುಕಬೇಕು. ಹಳೆಯ ವಿಸಿಡಿಯಲ್ಲಿ ಬರೀ ಚಿತ್ರಕ್ಕೇ 11.5 ಲಕ್ಷ ಇರುತ್ತಿತ್ತು ಎಂಬುದನ್ನು ನೆನೆದರೆ, ಡಿವಿಡಿಯೆಂಬ ಹೆಸರು ಹೊತ್ತ ಈ ಡಿಸ್ಕು ವಿಸಿಡಿಗಿಂತಲೂ ಬಡವ. ಜನಸಂದಣಿ, ಹೊಗೆ, ಮಳೆಗಳಂಥ ವಿವರ ತುಂಬಿದ ದೃಶ್ಯಗಳಲ್ಲಿ ಚಿತ್ರವು ಚೌಕಚೌಕವಾಗಿ ಒಡೆಯುವುದು ಇದರಿಂದಲೇ. ಗ್ರಾಫಿಕ್ಸ್ ಕಳಪೆಯಾಗಿದೆ ಎಂಬ ತೀರ್ಪುಗಳಲ್ಲಿ ಎಷ್ಟೋ ಈ ಚೌಕಗಳಿಗೆ ಸಲ್ಲಬೇಕಾದವು.

ಇನ್ನು ಹಣೆ ಕತ್ತರಿಸಿದ್ದರ ವಿಚಾರ. ಸಿನಿಮಾಸ್ಕೋಪ್ ಚಿತ್ರದ ಅಗಲ ಅದರ ಎತ್ತರದ 2.39 ಪಟ್ಟು, ಹಳೆಯ ಟೀವಿಯದು 1.33 ಪಟ್ಟು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡದೆ ಟೀವಿ ತುಂಬುವಂತೆ ಮಾಡಿದರೆ ಚಿತ್ರದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಅಕ್ಕಪಕ್ಕದಲ್ಲಿ ಕಳೆದುಹೋಗುತ್ತದೆ. ಓರೆಯಾಗಿ ಕೂತು ತೆಗೆದ ಚಿತ್ರವನ್ನು ನೆಟ್ಟಗೆ ಮಾಡಲು ಕಳ್ಳರು ಮೇಲೆ ಕೆಳಗೂ ಕತ್ತರಿ ಹಾಕುತ್ತಾರೆ. ಎದುರುಬದುರು ಕೂತ ಗಂಡಹೆಂಡಿರಲ್ಲಿ ಒಬ್ಬರು ಮಾತ್ರ ಕಾಣಿಸಿದರೆ, ಸಂಕಲನಕಾರ ಯಾಕೆ ಇನ್ನೊಬ್ಬರನ್ನು ತೋರಿಸಲಿಲ್ಲ ಎಂದು ಕೇಳುವ ಮೊದಲು ಆ ಇನ್ನೊಬ್ಬರು ಎಲ್ಲಿ ಹೋದರೆಂದು ಯೋಚಿಸಬೇಕು.

ಪ್ರತಿ ಪೂರ್ತಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ. ಸೆನ್ಸಾರ್ ಪ್ರಮಾಣಪತ್ರದ ಮೇಲೆ ಚಿತ್ರದ ಉದ್ದವನ್ನು ಮೀಟರುಗಳಲ್ಲಿ ಬರೆದಿರುತ್ತಿದ್ದರು. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರಿನಷ್ಟು ಓಡುತ್ತದೆ. ಹಾಗಾಗಿ 4,000 ಮೀಟರಿನ ಚಿತ್ರ ಸುಮಾರು 146 ನಿಮಿಷ ಇರಬೇಕು. ನಿಮ್ಮ ಡಿಸ್ಕು 128 ನಿಮಿಷಕ್ಕೇ ಮುಗಿದರೆ ಹಾಡೋ ದೃಶ್ಯವೋ ಕಾಣೆಯಾಗಿದೆ ಎಂದರ್ಥ. ಆದರೆ 140ಕ್ಕೆ ಮುಗಿದರೆ ಗಾಬರಿಪಡಬೇಕಿಲ್ಲ. ನಮ್ಮ ದೇಶದ ಟೀವಿಗಳು ಅನುಸರಿಸುತ್ತಿದ್ದ ಪಾಲ್ (PAL) ಪದ್ಧತಿಯ ವಿಡಿಯೊದಲ್ಲಿ 24 ಚೌಕಟ್ಟುಗಳ ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದು ವಾಡಿಕೆಯಾದ್ದರಿಂದ ಅಸಲಿ ಡಿವಿಡಿಯೂ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ, ಹಾಡುಗಾರನ ಶ್ರುತಿಯೂ ಅರೆಸ್ವರಕ್ಕಿಂತ ತುಸು ಕಡಿಮೆಯಷ್ಟು ಮೇಲೇರುತ್ತದೆ. ಈ ಲೆಕ್ಕ ತಿಳಿಯದೆ ‘ಆರು ನಿಮಿಷ ಕತ್ತರಿಸಿದ್ದಾರೆ’ ಎಂದು ಹಂಚಿಕೆದಾರನ ಮೇಲೆ ಹರಿಹಾಯ್ದ ಬರಹಗಳನ್ನು ನಾನು ಓದಿದ್ದೇನೆ.

ಕಾನೂನಿನ ಮಾತು ಚಿಕ್ಕದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಲು ಅವಕಾಶ ಕೊಡುತ್ತದೆ. ಆ ಅವಕಾಶದಿಂದ ಕಳ್ಳ ಪ್ರತಿಯ ತಯಾರಿಯಾಗಲೀ ಮಾರಾಟವಾಗಲೀ ಸಕ್ರಮವಾಗುವುದಿಲ್ಲ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯ ಪ್ರಕಾರ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದವರಿಗೆ ಮೂರು ತಿಂಗಳಿಂದ ಮೂರು ವರ್ಷದ ಜೈಲು ಮತ್ತು ಮೂರು ಲಕ್ಷ ರೂಪಾಯಿಯಿಂದ ಹಿಡಿದು ನಿರ್ಮಾಣ ವೆಚ್ಚದ ನೂರಕ್ಕೆ ಐದರವರೆಗೆ ದಂಡ ಬೀಳಬಹುದು. ಆದರೆ ಬೆಲೆಯೂ ಈ ಕಥೆಯಲ್ಲಿ ಒಂದು ಪಾತ್ರ. ಮೋಸರ್ ಬೇರ್ ಕಂಪನಿ 2007ರ ಹೊತ್ತಿಗೆ ಅಸಲಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಕಳ್ಳ ಡಿಸ್ಕಿಗೂ ಅಸಲಿಗೂ ಇದ್ದ ಬೆಲೆಯ ಅಂತರ ಹೇಳಿಕೊಳ್ಳುವಷ್ಟು ಉಳಿಯಲಿಲ್ಲ.

ಹಾಗಾದರೆ ಬರೆಯಬಹುದಾದದ್ದೇನು? ಕಥೆಯ ಹಂದರ, ಸಂಭಾಷಣೆ, ಪಾತ್ರಗಳ ಬೆಳವಣಿಗೆ, ನಟನೆಯ ದಪ್ಪ ಗೆರೆಗಳು ಕೆಟ್ಟ ಪ್ರತಿಯಲ್ಲೂ ಬದುಕಿರುತ್ತವೆ. ಪರಭಾಷೆಯ ಚಿತ್ರವಾದರೆ ಸಂಭಾಷಣೆಯನ್ನೂ ಈ ಪಟ್ಟಿಯಿಂದ ಹೊಡೆದುಹಾಕಿ, ಏಕೆಂದರೆ ಕಳ್ಳ ಡಿಸ್ಕಿನ ಇಂಗ್ಲಿಷ್ ಅಡಿಬರಹ ಹಲವು ಸಲ ಇನ್ನೊಂದು ಭಾಷೆಯ ಅಡಿಬರಹದ ಅಡ್ಡಾದಿಡ್ಡಿ ಅನುವಾದವಾಗಿರುತ್ತದೆ. ಬೆಳಕು, ಬಣ್ಣ, ಧ್ವನಿ, ಚೌಕಟ್ಟುಗಳ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಕು, ಮತ್ತು ಯಾವ ಪ್ರತಿಯನ್ನು ನೋಡಿದ್ದೇವೆಂದು ಮೊದಲ ಪ್ಯಾರಾದಲ್ಲೇ ಹೇಳಬೇಕು. ಬಿಡುಗಡೆಯಾಗಿ ಚಿತ್ರಮಂದಿರದಲ್ಲಿ ಓಡುತ್ತಿರುವ ಕನ್ನಡ ಚಿತ್ರವನ್ನಂತೂ ಹೀಗೆ ನೋಡಿ ವಿಮರ್ಶಿಸುವುದಕ್ಕೆ ನನ್ನ ಪ್ರಕಾರ ಯಾವ ಸಬೂಬೂ ಇಲ್ಲ. ಟಿಕೆಟ್ ಸಿಗುವಾಗ ಟಿಕೆಟ್ ಕೊಳ್ಳಬೇಕು.

ಟಿಕೆಟ್ಟೇ ಸಿಗದ ಚಿತ್ರಗಳ ವಿಷಯದಲ್ಲಿ ಮಾತ್ರ ನನಗೆ ಇಷ್ಟು ಖಡಾಖಂಡಿತವಾಗಿ ಮಾತಾಡಲಾಗುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ನಂತರದ ದಶಕಗಳ ಚಿತ್ರಗಳಲ್ಲೂ ಕೆಲವು, ಟೀವಿಯಲ್ಲಿ ಬಂದಾಗ ಯಾರೋ ಟೇಪಿಗೆ ಇಳಿಸಿಕೊಂಡು ಆಮೇಲೆ ಡಿಸ್ಕಿಗೆ ಹಾಕಿದ ರೂಪದಲ್ಲಷ್ಟೇ ನನ್ನ ಕೈಗೆ ಸಿಕ್ಕಿವೆ. ಅಂಥದೊಂದನ್ನು ಭಾನುವಾರದ ಸಂತೆಯ ಗುಜರಿ ರಾಶಿಯಿಂದ ಹತ್ತು ರೂಪಾಯಿಗೆ ಕೊಂಡಿದ್ದೆ. ಮೂಲೆಯಲ್ಲಿ ವಾಹಿನಿಯ ಲಾಂಛನವಿದೆ, ಎರಡನೆಯ ಹಾಡು ನಡುವೆಯೇ ನಿಂತು ಸಾಬೂನಿನ ಜಾಹೀರಾತು ಶುರುವಾಗುತ್ತದೆ, ಜಾಹೀರಾತು ಮುಗಿದ ಮೇಲೆ ಹಾಡಿನ ಕೊನೆಯ ಚರಣ ಇಲ್ಲ. ಆ ಚಿತ್ರದ ಬಗ್ಗೆ ಲೇಖನ ಬರೆದುಕೊಡಿ ಎಂದು ಸಂಪಾದಕರೊಬ್ಬರು ಕೇಳಿ ಎರಡು ವರ್ಷವಾಯಿತು. ಚರಣ ಸಿಗಲಿ ಎಂದು ಇನ್ನೂ ಕಾಯುತ್ತಿದ್ದೇನೆ.